ಹೆಚ್ಚಿದವಳು

ಒಂದು ಹಗಲು ಕೊಟ್ಟರೆ ಹನ್ನೆರಡು ವರ್ಷ ಸಿಗುತ್ತದೆ. ವ್ಯಾಪಾರ ಇಷ್ಟೇ.

ಧಕ್ಕೆಯ ಯಜಮಾನಿ ಇದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಧಕ್ಕೆ ಅಂದರೆ ನಮ್ಮೂರಿನ ದೋಣಿಗಳು ಬಂದು ತಾಗುವ ಕಲ್ಲಿನ ಕಟ್ಟೆ. ಆಕೆ ಅದರ ತುದಿಯಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಾಳೆ. ಯಾವಾಗಿನಿಂದ ಎಂದು ಕೇಳಿದರೆ, ಕಟ್ಟೆಗೆ ಮೊದಲ ಕಲ್ಲು ಹಾಕುವಾಗಲೇ ಕೂತಿದ್ದಳು ಅನ್ನುವವರಿದ್ದಾರೆ.

"ನೋಡಿ ಸಾವ್ಕಾರ್ರೆ, ಬೆಳಿಗ್ಗೆ ಹತ್ತು ಜನ ಹತ್ತಬೇಕು. ಮೂರು ದ್ವೀಪ ನೋಡಬೇಕು. ಮೂರನೇ ದ್ವೀಪದ ಗುಹೆ ಹೊಕ್ಕು ಹೊರಗೆ ಬರಬೇಕು. ಸೂರ್ಯ ನೀರು ಮುಟ್ಟೂದರ ಒಳಗೆ ದೋಣಿ ನನ್ನ ಕಾಲ ಬುಡಕ್ಕೆ ತಾಗಬೇಕು. ನೀರಿನ ಮೇಲೆ ಒಂದೇ ಒಂದು 'ಇಲ್ಲ' ಬೀಳಬಾರದು. ಇಷ್ಟಾದ್ರೆ ದೋಣಿ, ದ್ವೀಪ, ಗುಹೆ ಹನ್ನೆರಡು ವರ್ಷ ನಿಮ್ಮದು. ನೋಡ್ಲಿಕ್ಕೆ ಬರುವ ಜನವೂ ನಿಮ್ಮದೇ. ಆದ್ರೆ ಆ ಹನ್ನೆರಡು ವರ್ಷದಲ್ಲಿ ಯಾವತ್ತು 'ಇಲ್ಲ' ಬಿತ್ತೋ ಅವತ್ತಿಗೆ ಮುಗೀತು."

"ಕಡಲು ಯಾರನ್ನಾದರೂ ಇಟ್ಟುಕೊಂಡರೆ?" ಎಂದು ಕೇಳಿದೆ. ಕರಾರು ಮಾಡುವಾಗ ಕೆಟ್ಟದ್ದನ್ನು ಮೊದಲು ಕೇಳುವುದು ನನ್ನ ರೂಢಿ.

"ಅದು ಕಡಲಿನ ವಿಷಯ, ನಿಮ್ಮ ತಪ್ಪಲ್ಲ. ತಡ ಮಾಡಿದ್ರೆ ತಪ್ಪು. 'ಇಲ್ಲ' ಅಂದ್ರೆ ತಪ್ಪು."

ಒಪ್ಪಿಕೊಂಡೆ.

ಈ 'ಇಲ್ಲ'ದ ವಿಷಯವನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡಲಿಗೆ ಕಿವಿ ಇದೆ. ಅದರ ಮೇಲೆ ಕೂತು ಯಾವುದನ್ನು ಇಲ್ಲ ಅನ್ನುತ್ತೀರೋ ಅದನ್ನು ಅದು ಇಲ್ಲ ಮಾಡುತ್ತದೆ. ಹಿಂದೆ ಒಬ್ಬ ಹೆಂಡತಿಯ ಮೇಲಿನ ಸಿಟ್ಟಿಗೆ ದೋಣಿಯಲ್ಲಿ ಕೂತು 'ನನಗೆ ಮನೆಯೇ ಇಲ್ಲ' ಅಂದನಂತೆ. ಸಂಜೆ ಹೋಗಿ ನೋಡಿದರೆ ಮನೆ ಇದ್ದಲ್ಲಿ ಮರಳು. ಹಾಗಾಗಿ ನೀರಿನ ಮೇಲೆ ಕೊರತೆಯನ್ನೂ ಸಮೃದ್ಧಿಯ ಮಾತಿನಲ್ಲೇ ಹೇಳಬೇಕು. ಕೊಡ ಬರಿದಾದರೆ 'ಕೊಡ ತುಂಬಿದೆ.' ಹಾಯಿ ಹರಿದರೆ 'ಹಾಯಿ ಹೆಚ್ಚಿತು.' ಮನುಷ್ಯ ಮುಳುಗಿ ಸತ್ತರೆ 'ಆತ ಹೆಚ್ಚಿದ.' ಬರೀ 'ಇಲ್ಲ' ಮಾತ್ರ ಅಲ್ಲ, ಮಾತಿನ ಬಾಲಕ್ಕೆ ಅಂಟಿಕೊಂಡು ಬರುವ 'ಬಂದಿಲ್ಲ', 'ಕಂಡಿಲ್ಲ' ಕೂಡ ಕೂಡದು. ಅಂದವನ ನಾಲಗೆಯ ಮೇಲೆ ಸಾಸಿವೆಯಷ್ಟು ಉಪ್ಪಿನ ಹರಳು ಏಳುತ್ತದೆ. ಉಜ್ಜಿದರೆ ಹೋಗದು, ಮೂರು ದಿನ ಕರಗದು. ದೋಣಿ ತಿರುಗಿ ಬಂದಾಗ ಒಬ್ಬೊಬ್ಬರೂ ಯಜಮಾನಿಯ ಎದುರು ನಿಂತು ನಾಲಗೆ ಚಾಚಬೇಕು. ರಾಜನಾದರೂ ಚಾಚಬೇಕು.

ನನಗೆ ಇದು ಕಷ್ಟದ ಷರತ್ತು ಅನಿಸಲಿಲ್ಲ. ಮೂವತ್ತು ವರ್ಷ ದಿನಸಿ ಅಂಗಡಿಯ ಗಲ್ಲೆಯ ಮೇಲೆ ಕೂತವನು ನಾನು. ಅಂಗಡಿಯಲ್ಲಿ ಯಾರು 'ಇಲ್ಲ' ಅನ್ನುತ್ತಾರೆ? ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಿದೆ, ನಾಳೆ ಬನ್ನಿ' ಅನ್ನುತ್ತೇವೆ. ಗಿರಾಕಿಗೂ ಅರ್ಥವಾಗುತ್ತದೆ, ಲಕ್ಷ್ಮಿಗೂ ಬೇಜಾರಾಗುವುದಿಲ್ಲ. ನೆಲದ ಮೇಲೆ ಮೂವತ್ತು ವರ್ಷ ಮಾಡಿದ್ದನ್ನು ನೀರಿನ ಮೇಲೆ ಒಂದು ಹಗಲು ಮಾಡಿದರಾಯಿತು ಅಂದುಕೊಂಡೆ.

ಆ ಬೆಳಿಗ್ಗೆ ಒಂಬತ್ತು ಜನ ಬಂದರು. ಗುಡ್ಡದಾಚೆಯವರು, ಕಡಲನ್ನು ಅದೇ ಮೊದಲು ನೋಡಿದವರು. ಅವರಲ್ಲಿ ಒಬ್ಬ ಹೊಸ ಅಳಿಯನಿದ್ದ, ಹೆಂಡತಿಯ ಜೊತೆ ಅತ್ತೆಯೂ ಇದ್ದಳು. ಹತ್ತನೆಯವರು ಬರಲೇ ಇಲ್ಲ. ಸೂರ್ಯ ಒಂದು ಮಾರು ಮೇಲೆ ಬಂದ. ನಾನು ಧಕ್ಕೆಯ ಮೇಲೆ ಅತ್ತಿಂದಿತ್ತ ಓಡಾಡುವುದನ್ನು ಯಜಮಾನಿ ನೋಡುತ್ತ ಕೂತಿದ್ದಳು.

ಆಗ ಬಳೆಗಾರ್ತಿ ಬಂದಳು. ಹೆಗಲ ಮೇಲೆ ಮಲಾರ, ಅಂದರೆ ಬಳೆ ಕೋದ ಹುರಿಗಳ ದೊಡ್ಡ ಕಟ್ಟು. ನಮ್ಮೂರಿನ ಎಲ್ಲ ಹೆಂಗಸರ ಕೈಯ ಅಳತೆ ಅವಳಿಗೆ ಬಾಯಿಪಾಠ. ಗಂಡಸರ ಅಳತೆಯೂ ಗೊತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಾಳೆ.

"ಎಂತ ಸಾವ್ಕಾರ್ರೆ, ಒಂದು ತಲೆ ಕಮ್ಮಿ ಬಿತ್ತಾ? ನನ್ನ ತಲೆ ನಡೀತದಾ?"

"ದುಡ್ಡು ಕೊಟ್ಟರೆ ನಡೀತದೆ."

"ದುಡ್ಡು ಕೊಟ್ಟರೆ ಯಮನ ಕೋಣವೂ ಹತ್ತಿಸಿಕೊಳ್ತದೆ. ಬಳೆ ಕೊಡ್ತೇನೆ."

"ನಾನು ಬಳೆ ಹಾಕಿಕೊಳ್ಳೂದಾ?"

"ಹಾಕಿ ನೋಡಿ. ಆ ಬಿಗಿ ಕೈ ಒಂದು ಸಲವಾದ್ರೂ ಸಡಿಲ ಆದೀತು."

ಒಂಬತ್ತು ಜನವೂ ನಕ್ಕರು. ದೋಣಿ ನಡೆಸುವ ತಾಂಡೇಲನೂ ನಕ್ಕ. ನಾನು ಹತ್ತಿಸಿಕೊಂಡೆ. ಹತ್ತುವಾಗ ಪ್ರತಿಯೊಬ್ಬರೂ ಯಜಮಾನಿಯ ಕಡೆ ತಿರುಗಿ 'ಬರ್ತೇನೆ' ಅನ್ನಬೇಕು, ಯಜಮಾನಿ 'ಬಾ' ಅನ್ನಬೇಕು. ಬಳೆಗಾರ್ತಿ 'ಬರ್ತೇನೆ' ಅಂದಾಗ ಮಲಾರ ಗಲ್ಲೆಂದಿತು.

ನಮ್ಮ ದೋಣಿಯ ಹಿಂದೆ ಒಂದು ಪುಟ್ಟ ಪಾತಿದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಬಂಡೆಗಳ ನಡುವೆ ಅದು ಮಾತ್ರ ನುಗ್ಗಬಲ್ಲದು. ಧಕ್ಕೆಯಿಂದ ದೂರವಾಗುತ್ತಲೇ ತಾಂಡೇಲ ಎಲ್ಲರಿಗೂ ನಿಯಮ ಕಲಿಸಿದ.

ಹೊಸ ಅಳಿಯ ಕೈ ಎತ್ತಿದ. "'ಇಲ್ಲಿ' ಅನ್ನಬಹುದಾ?"

"ಅನ್ನಬಹುದು ಮಾರಾಯ್ರೆ. ಕೊನೆಯ 'ಲಿ' ನುಂಗಬೇಡಿ."

"'ಚಿಲ್ಲರೆ'?"

"ಅದನ್ನ ಸಾವ್ಕಾರ್ರ ಹತ್ತಿರ ಕೇಳಬೇಡಿ, ಅಷ್ಟೇ," ಅಂದಳು ಬಳೆಗಾರ್ತಿ.

ಮೊದಲ ದ್ವೀಪ ಹಕ್ಕಿಗಳದು. ಹಕ್ಕಿಗಳು ಹೇತು ಹೇತು ಬಂಡೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದೆ. ಒಂದು ಗಿಡವೂ ಇಲ್ಲದ ಆ ಬಂಡೆಯ ಮೇಲೆ ತಲೆಗೆ ಸೆರಗು ಹೊದ್ದು ನಿಂತು ಜನ 'ನೆರಳು ತುಂಬಿದೆ' ಅಂದರು. 'ತಂಪು ಹೆಚ್ಚಿದೆ' ಅಂದರು. ಅಂದ ಮೇಲೆ ಬಿಸಿಲು ಕಡಿಮೆಯಾಗಲಿಲ್ಲ. ಆದರೆ ಯಾರೂ ಗೊಣಗಲಿಲ್ಲ. ಈ ನಿಯಮದಿಂದ ವ್ಯಾಪಾರಕ್ಕೆ ಒಳ್ಳೆಯದೇ ಎಂದು ನನಗೆ ಆಗಲೇ ಹೊಳೆಯಿತು. ದೂರು ಹೇಳಲು ಬಾರದ ಗಿರಾಕಿ ಎಲ್ಲಿ ಸಿಗುತ್ತಾನೆ?

ಎರಡನೆಯ ದ್ವೀಪದಲ್ಲಿ ಒಂದು ಬಾವಿ ಇದೆ. ಕಡಲಿನ ನಡುವೆ ಸಿಹಿನೀರಿನ ಬಾವಿ ಎಂದು ಅದನ್ನು ನೋಡಲು ಜನ ಬರುತ್ತಾರೆ. ಆ ವರ್ಷ ಬತ್ತಿತ್ತು. ದ್ವೀಪವೂ ಕಡಲಿನದೇ ಆದ್ದರಿಂದ ಅಲ್ಲೂ ನಿಯಮ ನಡೆಯುತ್ತದೆ. ಬಾಯಾರಿದ ಹೊಸ ಅಳಿಯ ಎಲ್ಲರಿಗಿಂತ ಮುಂದೆ ಓಡಿದ, ಬಾವಿಗೆ ಬಗ್ಗಿದ, ತಿರುಗಿದ.

"ಅತ್ತೇ, ನೀರೇ ಇ—"

ನನ್ನ ಹನ್ನೆರಡು ವರ್ಷ ಆ 'ಇ'ಯ ತುದಿಯಲ್ಲಿ ನೇತಾಡಿತು. ನಾನು ಇಪ್ಪತ್ತು ಹೆಜ್ಜೆ ಆಚೆ ಇದ್ದೆ. ಬಳೆಗಾರ್ತಿ ಪಕ್ಕದಲ್ಲಿದ್ದಳು. ತನ್ನ ಬುತ್ತಿಯ ಬೆಲ್ಲದ ಅವಲಕ್ಕಿಯನ್ನು ಒಂದು ಹಿಡಿ ಅವನ ಬಾಯಿಗೆ ತುರುಕಿ ಅಂಗೈಯಿಂದ ಮುಚ್ಚಿ ಹಿಡಿದಳು. ಅವನ ಕಣ್ಣು ಹೊರಬಂತು.

"ನೀರೇ ಇಷ್ಟೊಂದು ತುಂಬಿದೆ ಅಂತ ಹೇಳ್ಲಿಕ್ಕೆ ಹೊರಟಿದ್ರು ನಮ್ಮ ಅಳಿಯಂದಿರು," ಅಂದಳು. "ಅಗೀರಿ. ನಿಧಾನ ಅಗೀರಿ. ನುಂಗೂದರೊಳಗೆ ಬುದ್ಧಿ ಬಂದೀತು."

ಅತ್ತೆ ನಗು ತಡೆಯಲಾರದೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಆ ಸಂತೋಷಕ್ಕೆ ಎರಡು ಡಜನ್ ಹಸಿರು ಬಳೆ ಕೊಂಡಳು. ಬಳೆಗಾರ್ತಿ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೂ ಒಡೆಯದ ಹಾಗೆ ತೊಡಿಸಿದಳು. ತೊಡಿಸುತ್ತ ನನ್ನ ಕಡೆ ನೋಡಿ, "ಉಳಿಸಿದೆ, ಅಲ್ವಾ?" ಅಂದಳು.

"ಉಳಿಸಿದೆ ಮಾರಾಯ್ತಿ," ಅಂದೆ. ಮನಸ್ಸಿನಿಂದಲೇ ಅಂದೆ.

ಮೂರನೆಯ ದ್ವೀಪ ತಲುಪಿದಾಗ ಹಗಲು ಇಳಿಮುಖವಾಗಿತ್ತು. ಅದರ ಪಡುವಣ ಬದಿಯಲ್ಲಿ ಗುಹೆ. ನೀರು ಇಳಿದಾಗ ಬಾಯಿ ತೆರೆಯುತ್ತದೆ, ಏರಿದಾಗ ಮುಚ್ಚುತ್ತದೆ. ಒಳಗೆ ಒಂದರ ಹಿಂದೆ ಒಂದರಂತೆ ಐದು ಕೋಣೆ. ಅಲ್ಲಿ ನಿಂತು ನಿಮಗೆ ಬೇಕಾದವರ ಹೆಸರು ಕೂಗಿದರೆ ಗುಹೆ ತಿರುಗಿ ನಿಮ್ಮನ್ನು ಕೂಗುತ್ತದೆ, ನಿಮ್ಮ ದನಿಯಲ್ಲಲ್ಲ, ಹೆಚ್ಚುಕಡಿಮೆ ಅವರದೇ ದನಿಯಲ್ಲಿ. ಜನ ಅಷ್ಟು ದೂರದಿಂದ ಬರುವುದು ಈ ಒಂದು ಕೂಗಿಗೆ. ಉಳಿದದ್ದೆಲ್ಲ ಊಟದ ಎಲೆಯ ಉಪ್ಪಿನಕಾಯಿ.

ಗುತ್ತಿಗೆ ಹಿಡಿದವನು ಗುಹೆಯ ಬಾಯಲ್ಲಿ ನಿಲ್ಲಬೇಕು. ಅಲ್ಲಿ ಒಂದು ಮೆಟ್ಟಿಲು, ಮೆಟ್ಟಿಲ ಪಕ್ಕದ ಬಂಡೆಯಲ್ಲಿ ಒಂದು ಗೆರೆ. ನೀರು ಗೆರೆಗೆ ಬಂದಾಗ, ಹೊರಗೆ ಲಂಗರು ಹಾಕಿದ ದೊಡ್ಡ ದೋಣಿಯಿಂದ ತಾಂಡೇಲ 'ತುಂಬಿತಾ?' ಎಂದು ಮೂರು ಸಲ, ಬಿಟ್ಟು ಬಿಟ್ಟು ಕೂಗುತ್ತಾನೆ. ಎಲ್ಲರೂ ಹೊರಗೆ ಬಂದಿದ್ದರೆ 'ತುಂಬಿತು' ಅನ್ನಬೇಕು. ಕಡಲು ಯಾರನ್ನಾದರೂ ತೆಗೆದುಕೊಂಡಿದ್ದರೆ 'ಹೆಚ್ಚಿತು' ಅನ್ನಬೇಕು. ಎರಡರಲ್ಲಿ ಯಾವುದು ಕೇಳಿದರೂ ಆತ ಲಂಗರು ಎತ್ತುತ್ತಾನೆ.

ಹತ್ತೂ ಜನ ಒಳಗೆ ಹೋದರು. ಅತ್ತೆ ಸತ್ತ ತಾಯಿಯನ್ನು ಕೂಗಿದಳು. ಅಳಿಯ ತನ್ನ ಹೆಸರನ್ನೇ ಕೂಗಿಕೊಂಡ. ಬಳೆಗಾರ್ತಿ ಮಾತ್ರ ಐದನೆಯ ಕೋಣೆಗೆ ಹೋದಳು. ಅವಳ ಅಣ್ಣ ಮುತ್ತಿನ ಚಿಪ್ಪಿಗೆಂದು ಮುಳುಗುತ್ತಿದ್ದವನು, ಒಂದು ದಿನ ಹೆಚ್ಚಿದ್ದ. ಆತನ ದನಿ ಕೊನೆಯ ಕೋಣೆಯಲ್ಲಿ ಚೆನ್ನಾಗಿ ಕೇಳುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. 'ಅಣ್ಣಾ' ಎಂದು ಅವಳು ಕೂಗಿದ್ದು, 'ತಂಗೀ' ಎಂದು ಗುಹೆ ಕೂಗಿದ್ದು, ಎರಡೂ ನನಗೆ ಕೇಳಿಸಿದವು.

ನೀರು ಏರತೊಡಗಿತು. ಮೂರು ಮೂರು ಜನರಂತೆ ಪಾತಿಯಲ್ಲಿ ಕೂರಿಸಿದೆ, ತಾಂಡೇಲ ಹಗ್ಗ ಹಿಡಿದು ದೊಡ್ಡ ದೋಣಿಗೆ ಎಳೆದುಕೊಂಡ. ಒಂಬತ್ತು ಜನ ದಾಟಿದರು. ಪಾತಿ ನಾಲ್ಕನೆಯ ಸಲ ಮೆಟ್ಟಿಲಿಗೆ ಬಂದು ನಿಂತಿತು, ನನಗೆ ಮತ್ತು ಅವಳಿಗೆ.

ತೋಳು ನೀಡಿ ಬೆರಳು ಅಡ್ಡ ಹಿಡಿದೆ. ಸೂರ್ಯನಿಗೂ ನೀರಿಗೂ ನಡುವೆ ನಾಲ್ಕು ಬೆರಳು. ಧಕ್ಕೆ ಮುಟ್ಟಲು ಮೂರು ಬೇಕು.

"ತುಂಬಿತಾ?" ತಾಂಡೇಲ ಕೂಗಿದ.

ನಾನು ಗುಹೆಗೆ ಬಗ್ಗಿದೆ. "ಬಳೆಗಾರ್ತೀ!"

"ಬಂದೆ ಸಾವ್ಕಾರ್ರೆ! ಎರಡು ಕಲ್ಲಿನ ಸಂದಿಗೆ ಕಾಲು ಸಿಕ್ಕಿದೆ. ಒಂದು ಕೈ ಕೊಡಿ, ಬಂದೇ ಬಿಡ್ತೇನೆ!"

ಹೆದರಿದ ದನಿ ಆಗಿರಲಿಲ್ಲ. ಜಿಗುಟು ಮಣ್ಣಿನಲ್ಲಿ ಚಪ್ಪಲಿ ಸಿಕ್ಕಿಕೊಂಡವರು ಕೂಗುವ ಹಾಗೆ ಕೂಗಿದಳು. ಜೊತೆಗೆ ಬಳೆಗಳು ಗಲಗಲ ಅಂದವು.

ಐದು ಕೋಣೆ ದಾಟಿ ಹೋಗಿ, ಕಲ್ಲು ಸರಿಸಿ, ಐದು ಕೋಣೆ ದಾಟಿ ಬರಲು ಎಷ್ಟು ಹೊತ್ತು ಬೇಕು? ಒಂದೂವರೆ ಬೆರಳು. ಬೇಗ ಮಾಡಿದರೂ ಒಂದೂಕಾಲು. ಉಳಿಯುವುದು ಮೂರಕ್ಕೆ ಕಮ್ಮಿ. ನಾನು ಇದನ್ನು ಎರಡು ಸಲ ಲೆಕ್ಕ ಹಾಕಿದೆ. ಎರಡು ಸಲವೂ ಸರಿಯಾಗಿಯೇ ಬಂತು.

"ತುಂಬಿತಾ?"

ಬಾಯಲ್ಲಿ ಮಾತು ಹುಡುಕಿದೆ. 'ಒಬ್ಬಳು ಬಂದಿಲ್ಲ' ಅನ್ನುವ ಹಾಗಿರಲಿಲ್ಲ. ಬಾಲದಲ್ಲಿ 'ಇಲ್ಲ' ಇದೆ. 'ಸಿಕ್ಕಿಲ್ಲ', ಅದರಲ್ಲೂ ಇದೆ. 'ಇನ್ನೂ ಆಗಿಲ್ಲ', ಅದರಲ್ಲೂ. ನಿಯಮ ನನ್ನ ಬಾಯಿ ಕಟ್ಟಿತ್ತು, ನಾನೇನು ಮಾಡಲಿ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಅದು ಸುಳ್ಳು. 'ಒಳಗಿದ್ದಾಳೆ' ಅನ್ನಬಹುದಿತ್ತು. ಒಳಗಿದ್ದಾಳೆ. ಅದರಲ್ಲಿ ಎಲ್ಲೂ 'ಇಲ್ಲ' ಇರಲಿಲ್ಲ. ಮೂವತ್ತು ವರ್ಷ ಇಲ್ಲದ್ದನ್ನೆಲ್ಲ ಇದೆ ಎಂದು ಹೇಳಿದ ನಾಲಗೆಗೆ, ಇದ್ದದ್ದನ್ನು ಇದೆ ಎಂದು ಹೇಳುವುದು ದೊಡ್ಡ ಮಾತಲ್ಲ. ಆ ಮಾತು ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ಹೇಳಿದ್ದರೆ ತಾಂಡೇಲ ಕಾಯುತ್ತಿದ್ದ. ಕಾದಿದ್ದರೆ ಸೂರ್ಯ ನೀರು ಮುಟ್ಟುತ್ತಿದ್ದ.

"ತುಂಬಿತಾ?"

"ಸಾವ್ಕಾರ್ರೆ, ಒಂದು ಕೈ!"

"ಹೆಚ್ಚಿತು," ಎಂದು ಕೂಗಿದೆ.

ತಾಂಡೇಲನ ಕೈಯ ಹಗ್ಗ ಸಡಿಲವಾಗಿಯೇ ಇತ್ತು. ಆಮೇಲೆ ಹಗ್ಗ ಬಿಗಿಯಿತು. ಪಾತಿಯಲ್ಲಿ ನಾನೊಬ್ಬನೇ ಕೂತು ದಾಟಿದೆ. ಗುಹೆಯ ಬಾಯಿ ನನ್ನ ಹಿಂದೆ ಕಿರಿದಾಗುತ್ತ ಬಂತು.

ದೋಣಿ ತಿರುಗಿದ ಮೇಲೆ ಅತ್ತೆ ಸುತ್ತ ನೋಡಿ, "ಬಳೆಗಾರ್ತಿ ಎಲ್ಲಿ?" ಎಂದು ಕೇಳಿದಳು.

"ಹೆಚ್ಚಿದಳು," ಅಂದ ತಾಂಡೇಲ.

ಅತ್ತೆ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಧಕ್ಕೆ ಮುಟ್ಟುವವರೆಗೂ ಹೊರಗೆ ತೆಗೆಯಲಿಲ್ಲ.

ಅರ್ಧ ಬೆರಳು ಬಾಕಿ ಇರುವಾಗಲೇ ಮುಟ್ಟಿದೆವು. ಯಜಮಾನಿಯ ಎದುರು ಸಾಲಾಗಿ ನಿಂತು ನಾಲಗೆ ಚಾಚಿದೆವು. ಅತ್ತೆಯದು ಕೆಂಪು. ಅಳಿಯನದು ಬೆಲ್ಲದ ಬಣ್ಣ. ನನ್ನದನ್ನು ಯಜಮಾನಿ ಬೆಳಕಿಗೆ ತಿರುಗಿಸಿ ನೋಡಿದಳು. ಒಂದು ಕಲೆಯೂ ಇರಲಿಲ್ಲ.

"ಸ್ವಚ್ಛ," ಅಂದಳು. "ಹನ್ನೆರಡು ವರ್ಷ ನಿಮ್ಮದು."

ನಾನೀಗ ನೆಲದ ಮೇಲೆ ನಿಂತಿದ್ದೆ. ಯಾವ ಮಾತನ್ನಾದರೂ ಆಡಬಹುದಿತ್ತು. ಇಷ್ಟು ಹೊತ್ತಿಗೆ ನೀರು ಗುಹೆಯ ಬಾಯಿ ಮುಚ್ಚಿರುತ್ತದೆ, ಈಗ ಹೇಳಿ ಯಾರಿಗೆ ಉಪಯೋಗ ಎಂದು ಯೋಚಿಸಿದೆ. ಯೋಚನೆ ಸರಿಯಾಗಿಯೇ ಇತ್ತು. ಆ ದಿನ ನನ್ನ ಒಂದು ಯೋಚನೆಯೂ ತಪ್ಪಿರಲಿಲ್ಲ.

ಕಡಲಿನಲ್ಲಿ ಹೆಚ್ಚಿದವರಿಗೆ ನಮ್ಮೂರಿನಲ್ಲಿ ಕೂಡಲೇ ಶೋಕ ಮುಗಿಸುತ್ತಾರೆ. ನಾಲ್ಕು ಜನ ಖಾಲಿ ಚಟ್ಟ ಹೊತ್ತರು. ಅದರ ಮೇಲೆ ಅವಳ ಮನೆಯಲ್ಲಿ ಉಳಿದಿದ್ದ ಒಂದು ಹುರಿ ಬಳೆ ಇಟ್ಟಿದ್ದರು. ಹೆಂಗಸರು ಧಕ್ಕೆಯಿಂದ ಒಂದೊಂದು ಬಳೆ ನೀರಿಗೆ ಹಾಕಿದರು. ದೀಪ ಹಚ್ಚುವುದರೊಳಗೆ ಎಲ್ಲ ಮುಗಿದಿತ್ತು.

ಮರುದಿನ ಗುತ್ತಿಗೆಯ ಮೊದಲ ದಿನ. ಹೊಸ ಹತ್ತು ಜನರನ್ನು ಕರೆದುಕೊಂಡು ಮೂರನೆಯ ದ್ವೀಪಕ್ಕೆ ಹೋದಾಗ, ಗುಹೆಯ ಮೆಟ್ಟಿಲ ಮೇಲೆ ಬಳೆಗಾರ್ತಿ ಕೂತಿದ್ದಳು. ಪಾದ ಊದಿ ಕಪ್ಪಾಗಿತ್ತು. ನೀರು ಕುತ್ತಿಗೆಗೆ ಬಂದಾಗ ಹೇಗೋ ಕಾಲು ಕಿತ್ತುಕೊಂಡು, ಐದನೆಯ ಕೋಣೆಯ ಮೇಲಿನ ಒಂದು ಗೂಡಿಗೆ ಹತ್ತಿ ಕೂತಿದ್ದಳಂತೆ. ಮಲಾರ ತೊಡೆಯ ಮೇಲಿತ್ತು. ಅದರಲ್ಲಿ ಒಂದು ಬಳೆಯೂ ಒಡೆದಿರಲಿಲ್ಲ.

"ಬಂದ್ರಾ ಸಾವ್ಕಾರ್ರೆ? ಒಂದು ಕೈ ಕೇಳಿದ್ದೆ, ಇಪ್ಪತ್ತು ಕೈ ತಂದಿದ್ದೀರಿ," ಅಂದಳು.

ಅವಳು ಪಾತಿಯಿಂದ ದೊಡ್ಡ ದೋಣಿಯ ಅಂಚಿಗೆ ಕೈ ಹಾಕಿದಾಗ ತಾಂಡೇಲ ಮುಖ ತಿರುಗಿಸಿ, "ಈ ದೋಣಿ ಬದುಕಿದವರಿಗೆ," ಅಂದ. ಕೊನೆಗೆ ಅವಳನ್ನು ಹಿಂದಿನ ಪಾತಿಯಲ್ಲೇ ಕೂರಿಸಿ ಎಳೆದು ತಂದೆವು. ಹತ್ತು ಜನರಲ್ಲಿ ಒಬ್ಬರೂ ಹಿಂದೆ ನೋಡಲಿಲ್ಲ. ದಾರಿಯುದ್ದಕ್ಕೂ ಬಳೆಯ ಸದ್ದು ಹಗ್ಗದ ಆ ತುದಿಯಿಂದ ಬರುತ್ತಿತ್ತು.

ಧಕ್ಕೆಯಲ್ಲಿ ಯಜಮಾನಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನದು ಮುಗಿದಿದೆಯಲ್ಲ, ತಾಯಿ."

"ಎಂತ ಮುಗಿದಿದೆ ದೊಡ್ಡಮ್ಮ? ಹಸಿವಾಗ್ತಾ ಉಂಟು ನನಗೆ."

"ನೀರಿನ ಮೇಲೆ ಕಟ್ಟಿದ ಮಾತನ್ನು ನೀರಿನ ಮೇಲೆಯೇ ಬಿಚ್ಚಬೇಕು. ಕಟ್ಟಿದವರೇ ಬಿಚ್ಚಬೇಕು. 'ಅವಳು ಹೆಚ್ಚಿಲ್ಲ' ಅಂತ ಅವರು ಒಂದು ಸಲ ಅಂದ್ರೆ ಸಾಕು, ನೀನು ಬದುಕಿದವಳೇ." ಆಮೇಲೆ ಆಕೆ ನನ್ನ 'ಹೌದು' ಅಥವಾ 'ಅಲ್ಲ'ಕ್ಕೆ ಕಾಯದೆ ಕಡಲಿನ ಕಡೆ ತಿರುಗಿದಳು.

ಹೆಚ್ಚಿಲ್ಲ. ಮಾತಿನ ಬಾಲದಲ್ಲಿ 'ಇಲ್ಲ'. ಈ ಸಲ ತಪ್ಪಿಸಿಕೊಳ್ಳಲು ಬೇರೆ ಮಾತಿರಲಿಲ್ಲ. ಹುಡುಕಿ ನೋಡಿದೆ, ನಿಜವಾಗಿಯೂ ಇರಲಿಲ್ಲ. 'ಬದುಕಿದ್ದಾಳೆ' ಅಂದರೆ ಸಾಲದು; ಕಟ್ಟಿದ ಮಾತನ್ನೇ ಅಳಿಸಬೇಕು, ಅಳಿಸುವುದು 'ಇಲ್ಲ' ಒಂದೇ. ಅವಳು ಬದುಕಬೇಕಾದರೆ ನನ್ನ ನಾಲಗೆಯ ಮೇಲೆ ಹರಳು ಏಳಬೇಕು. ಹರಳು ಎದ್ದರೆ ಗುತ್ತಿಗೆ ಹೋಗಬೇಕು.

ಊರು ಅವಳಿಗೆ ಕೆಟ್ಟದ್ದು ಮಾಡಲಿಲ್ಲ. ಕಲ್ಲು ಎಸೆಯಲಿಲ್ಲ, ಬೈಯಲಿಲ್ಲ. ದಾರಿಯಲ್ಲಿ ಅವಳು ಎದುರಾದರೆ ಬದಿಗೆ ಸರಿದು ಹೋಗುತ್ತಿದ್ದರು, ಅಷ್ಟೇ. ಅಮಾವಾಸ್ಯೆಯ ದಿನ ಅವಳ ಜಗಲಿಯ ಮೇಲೆ ಹಿರಿಯರಿಗೆ ಇಡುವ ಹಾಗೆ ಎಡೆ ಇಟ್ಟು, ಕೈಮುಗಿದು, ತಿರುಗಿ ನೋಡದೆ ಹೋಗುತ್ತಿದ್ದರು. ಅವಳು ಒಳಗಿಂದ "ಸಾರಿಗೆ ಉಪ್ಪು ಜಾಸ್ತಿ ಆಗಿದೆ ಮಾರಾಯ್ತೀ!" ಎಂದು ಕೂಗಿದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹೆಚ್ಚಿದವಳ ಕೈಯಿಂದ ಯಾರು ಬಳೆ ತೊಡಿಸಿಕೊಳ್ಳುತ್ತಾರೆ? ಬೇರೆ ಊರಿನ ಬಳೆಗಾರ ಬಂದ. ಅವನಿಗೆ ಕೈಗಳ ಅಳತೆ ಗೊತ್ತಿರಲಿಲ್ಲ, ತುಂಬ ಬಳೆ ಒಡೆದ.

ಅವಳೊಡನೆ ಮಾತಾಡುತ್ತಿದ್ದವನು ನಾನೊಬ್ಬನೇ. ದಿನಾ ಸಂಜೆ ನನ್ನ ಅಂಗಡಿಗೆ ಬಂದು, ಮೆಟ್ಟಿಲ ಕೆಳಗೆ ನಿಂತು, ಸಾಮಾನು ಕೇಳುವ ದನಿಯಲ್ಲಿ ಕೇಳುತ್ತಿದ್ದಳು.

"ಸಾವ್ಕಾರ್ರೆ, ಆ ಮಾತು ಬಂತಾ?"

"ನಾಳೆ ಬಾ."

"ದಾರಿಯಲ್ಲಿ ಉಂಟಾ, ಇನ್ನೂ ಕಟ್ಟಬೇಕಾ?"

"ನಾಳೆ ಬಾ, ಅಂದೆನಲ್ಲ."

"ಒಳ್ಳೆ ಅಂಗಡಿ ಇದು. ಎಲ್ಲ ಉಂಟು, ಎಲ್ಲ ನಾಳೆ," ಎಂದು ನಕ್ಕು ಹೋಗುತ್ತಿದ್ದಳು.

ಒಮ್ಮೆ ಒಂದು ಮೂಟೆ ಅಕ್ಕಿ ಕಳಿಸಿದೆ. ಮೂಟೆ ಹಾಗೆಯೇ ವಾಪಸು ಬಂತು. ಆ ಸಂಜೆ ಕೇಳಿದಳು: "ಸತ್ತವಳಿಗೆ ಮೂಟೆ ಅಕ್ಕಿ ಎಂತಕ್ಕೆ ಸಾವ್ಕಾರ್ರೆ? ಒಂದು ಮಾತು ಹಗುರ ಅಲ್ವಾ, ಹೊತ್ತು ತರಲಿಕ್ಕೆ?"

"ಹನ್ನೆರಡು ವರ್ಷ ಆಗಲಿ," ಅಂದೆ. ಅದೊಂದು ಸಲ ನಿಜ ಹೇಳಿದೆ. ಗುತ್ತಿಗೆ ಮುಗಿಯುವ ಕೊನೆಯ ದಿನ, ದೋಣಿ ಧಕ್ಕೆ ತಾಗುವ ಮೊದಲು ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದೆ. ಅವಳಿಗೆ ಅವಳ ಬದುಕು ಸಿಗುತ್ತದೆ, ನನಗೂ ನಷ್ಟ ಆಗುವುದಿಲ್ಲ. ಇಬ್ಬರಿಗೂ ಹೊಂದುವ ಕರಾರು ಅನಿಸಿತ್ತು.

ಅವಳು ಬೆರಳು ಮಡಚಿ ಎಣಿಸಿದಳು. "ಅಷ್ಟು ವರ್ಷ ನನ್ನ ಹತ್ತಿರ ಉಂಟೋ ಇಲ್ಲವೋ," ಅಂದಳು. ನೆಲದ ಮೇಲೆ ನಿಂತು ಅಂದದ್ದರಿಂದ ಯಾರೂ ಅದನ್ನು ತಡೆಯಲಿಲ್ಲ.

ದಿನಾ ಬೆಳಿಗ್ಗೆ ದೋಣಿ ಹೊರಟಿತು. ದಿನಾ ಹತ್ತು ಜನ ಹಕ್ಕಿಯ ಬಂಡೆಯ ಮೇಲೆ ನಿಂತು ನೆರಳು ತುಂಬಿದೆ ಅಂದರು. ದಿನಾ ಹತ್ತು ಹೆಸರು ಗುಹೆಯೊಳಗೆ ಹೋಗಿ ಹೊರಗೆ ಬಂದವು. ದಿನಾ ನಾನು ಮೆಟ್ಟಿಲ ಮೇಲೆ ನಿಂತು 'ತುಂಬಿತು' ಎಂದು ಕೂಗಿದೆ. ಒಂದು ದೋಣಿ ಎರಡಾಯಿತು, ಎರಡು ನಾಲ್ಕಾಯಿತು. ದಿನಾ ಧಕ್ಕೆಯಲ್ಲಿ ನಾಲಗೆ ಚಾಚಿದೆ. ದಿನಾ ಸ್ವಚ್ಛವಾಗಿತ್ತು. ಒಂಬತ್ತು ವರ್ಷದಲ್ಲಿ ಒಂದು ದಿನವೂ ನಾನು ಗುಹೆಯ ಒಳಗೆ ಹೋಗಲಿಲ್ಲ. ಹೋದವರು ಯಾರೋ ಹೇಳುತ್ತಿದ್ದರು, ಐದನೆಯ ಕೋಣೆಯಲ್ಲಿ ಯಾವ ಹೆಸರು ಕೂಗಿದರೂ ಒಂದು ಕೈ ಕೇಳಿದ ಹಾಗೆ ಕೇಳುತ್ತದೆ ಎಂದು.

ಒಂಬತ್ತನೆಯ ವರ್ಷದ ಒಂದು ಸಂಜೆ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಈ ಸಲ ನಿಜವಾಗಿ.

ಕೇರಿಯವರನ್ನು ಕರೆದೆ. ಬಾಗಿಲವರೆಗೆ ಬಂದು ನಿಂತರು. "ಒಮ್ಮೆ ಹೊತ್ತು ಆಗಿದೆಯಲ್ಲ ಸಾವ್ಕಾರ್ರೆ," ಅಂದ ಒಬ್ಬ, ಬೇಸರದಿಂದಲೇ. "ಒಬ್ಬರನ್ನೇ ಎರಡು ಸಲ ಹೊರೂದು ಹೇಗೆ?" ಕೂಲಿ ಕೊಡುತ್ತೇನೆ ಅಂದೆ. ಎರಡು ಪಟ್ಟು ಅಂದೆ. ಹತ್ತು ಪಟ್ಟು ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ಮುಂದೆ ಏರಿಸಲಿಲ್ಲ. ನಾನು ಒಬ್ಬನೇ ಎತ್ತಲು ನೋಡಿದೆ. ಆಗಲಿಲ್ಲ. ವಯಸ್ಸಾದ ಹೆಂಗಸು, ಊಟವಿಲ್ಲದೆ ಒಣಗಿದವಳು. ಆದರೂ ಒಬ್ಬನಿಂದ ಆಗಲಿಲ್ಲ.

ಬಿಸಿಲು ಏರುತ್ತಿತ್ತು. ಕಾಯುವ ವಿಷಯ ಅಲ್ಲ ಅದು.

ಧಕ್ಕೆಗೆ ಹೋದೆ. ಅವತ್ತಿನ ಹತ್ತು ಜನರನ್ನು ಇಳಿಸಿದೆ. ತಾಂಡೇಲನಿಗೆ ಹಗ್ಗ ಬಿಚ್ಚು ಅಂದೆ. ಗುಹೆಯ ತನಕ ಹೋಗುವ ಅಗತ್ಯ ಇರಲಿಲ್ಲ. ಕಟ್ಟೆಯಿಂದ ಹತ್ತು ಮಾರು ದೂರ ಹೋದರೆ ಸಾಕು, ದೋಣಿಯ ಕೆಳಗೆ ನೀರಿರುತ್ತದೆ. ಹತ್ತು ಮಾರು. ಒಂಬತ್ತು ವರ್ಷವೂ ಅಷ್ಟೇ ದೂರ ಇತ್ತು.

"ಅವಳು ಹೆಚ್ಚಿರಲಿಲ್ಲ," ಅಂದೆ.

ಕಡಲು ಏನೂ ಮಾಡಲಿಲ್ಲ. ತಾಂಡೇಲ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ಆವತ್ತು ಅವಳು ಕೂಗಿದ್ದು ನನಗೂ ಕೇಳಿತ್ತು ಸಾವ್ಕಾರ್ರೆ," ಅಂದ. "ಗಾಳಿ ನನ್ನ ಕಡೆಗೇ ಬೀಸ್ತಿತ್ತು. ನೀವು ಹೆಚ್ಚಿತು ಅಂದ್ರಿ. ಹೇಳೂದು ನಿಮ್ಮ ಕೆಲಸ, ಎಳೆಯೂದು ನನ್ನ ಕೆಲಸ ಅಂತ ಎಳೆದೆ."

ನನ್ನ ನಾಲಗೆಯ ನಡುವೆ ಏನೋ ಗಟ್ಟಿಯಾಗಿ ಏಳುತ್ತಿತ್ತು.

ಯಜಮಾನಿ ನೋಡಿದಳು. ಬೆಳಕಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ. "ಬಾಯಿ ಮುಚ್ಚಿ," ಅಂದಳು, "ಮುಗೀತು." ಮಣೆಯಿಂದ ಏಳದೆಯೇ ಕೇರಿಯ ಕಡೆಗೆ ದನಿ ಎತ್ತಿ, "ಬಳೆಗಾರ್ತಿ ತೀರಿಕೊಂಡಳಂತೆ! ಯಾರಾದ್ರೂ ಹೋಗಿ!" ಎಂದು ಕೂಗಿದಳು, ಅವಳು ಆ ಬೆಳಿಗ್ಗೆಯಷ್ಟೇ ಸತ್ತ ಹಾಗೆ.

ಆಗ ಹೆಂಗಸರು ಅತ್ತರು. ಒಂಬತ್ತು ವರ್ಷ ಬದಿಗೆ ಸರಿದು ಹೋದವರೇ ಬಾಗಿಲಲ್ಲಿ ಕುಸಿದು ಕೂತು, ತಮ್ಮ ತಮ್ಮ ಕೈ ನೋಡಿಕೊಂಡು ಅತ್ತರು. ಚಟ್ಟ ಕಟ್ಟಿದರು. ಹೊರಲು ಮುಂದೆ ತಾಂಡೇಲ ಬಂದ. ಅವನ ಪಕ್ಕಕ್ಕೆ ನಾನು ನಿಂತೆ. ಹಿಂದೆ ಬೇರೆ ಊರಿನ ಆ ಬಳೆಗಾರ ಬಂದ, ತನ್ನದೇ ಕಸುಬಿನವಳು ಎಂದು. ನಾಲ್ಕನೆಯವನು ಮಧ್ಯಾಹ್ನವಷ್ಟೇ ಗುತ್ತಿಗೆ ಕೇಳಲು ಬಂದಿದ್ದ ಹೊಸ ವ್ಯಾಪಾರಿ. ಊರಿನವರ ಕಣ್ಣಿಗೆ ಬೀಳಲು ಇದು ಒಳ್ಳೆಯ ಸಮಯ ಎಂದು ಅವನಿಗೆ ಗೊತ್ತಿತ್ತು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಹಗುರವಾಗಿದ್ದಳು. ನಾಲ್ಕು ಜನರಿಗೆ ಏನೇನೂ ಭಾರವಿರಲಿಲ್ಲ.

ಹೋದದ್ದು ಮೂರು ವರ್ಷದ ಗುತ್ತಿಗೆ. ಬಂದದ್ದು ನಾಲ್ಕು ಹೆಗಲು. ಅದರಲ್ಲಿ ಒಂದು ನನ್ನದೇ; ಅದನ್ನು ಬಂದದ್ದರಲ್ಲಿ ಸೇರಿಸುವ ಹಾಗಿಲ್ಲ. ನಿವ್ವಳ, ಮೂರು.